ಹೆಗಲಿಗೆ ಒಗ್ಗುವ ನೊಗ

ಅಪ್ಪನಿಗೆ ಸ್ಟ್ರೋಕ್ ಆದ ಮೊದಲ ವಾರ ನಮ್ಮ ಮನೆಯಲ್ಲಿ ಕುರ್ಚಿಗಳೇ ಸಾಲುತ್ತಿರಲಿಲ್ಲ. ಸಭೆಯವರು ಒಬ್ಬರ ಹಿಂದೊಬ್ಬರು ಬಂದರು, ಮಂಚದ ಸುತ್ತ ನಿಂತು ಪ್ರಾರ್ಥನೆ ಮಾಡಿದರು, 23ನೆಯ ಕೀರ್ತನೆ ಓದಿದರು. ಹೊರಡುವಾಗ ಬಾಗಿಲಲ್ಲಿ ನಿಂತು ಹೆಚ್ಚುಕಡಿಮೆ ಎಲ್ಲರೂ ಹೇಳಿದ್ದು ಒಂದೇ ಮಾತು: "ಏನಾದ್ರೂ ಬೇಕಾದ್ರೆ ಹೇಳಿ, ಸಂಕೋಚ ಮಾಡ್ಕೋಬೇಡಿ." ಬಾಯಿಮಾತಿಗೆ ಅಂದದ್ದಲ್ಲ, ಮನಸ್ಸಿನಿಂದಲೇ ಅಂದದ್ದು. ನಾನೂ ಎಷ್ಟೋ ಮನೆಗಳ ಬಾಗಿಲಲ್ಲಿ ನಿಂತು ಇದನ್ನೇ ಹೇಳಿದ್ದೇನೆ. ಹೇಳಿದ ಮೇಲೆ ಏನೋ ಕೊಟ್ಟುಬಂದಷ್ಟು ಹಗುರಾಗಿ ಮನೆಗೆ ನಡೆದಿದ್ದೇನೆ.

ಎರಡನೆಯ ತಿಂಗಳಿಗೆ ಕುರ್ಚಿಗಳು ಖಾಲಿಯಾದವು. ಯಾರನ್ನೂ ದೂರುವಂತಿಲ್ಲ, ಎಲ್ಲರಿಗೂ ಅವರವರ ಪಾಡು ಇದ್ದೇ ಇರುತ್ತದೆ. ಆದರೆ ಕಾಯಿಲೆ ಬಂದವರ ಜೊತೆ ಎದ್ದುಹೋಗಲಿಲ್ಲ, ಉಳಿದುಕೊಂಡಿತು. "ಬೇಕಾದ್ರೆ ಹೇಳಿ" ಎಂದವರಿಗೆ ಏನಂತ ಹೇಳುವುದು? ರಾತ್ರಿ ಮೂರು ಸಲ ಎದ್ದು ಅಪ್ಪನ ಮಗ್ಗುಲು ಬದಲಿಸಬೇಕು, ಬನ್ನಿ ಅನ್ನುವುದೇ? ಕೇಳುವುದೂ ಒಂದು ಕೆಲಸ, ದಣಿದವರಿಗೆ ಆ ಕೆಲಸ ಮಾಡುವ ತ್ರಾಣ ಉಳಿದಿರುವುದಿಲ್ಲ. ಇದು ನನಗೆ ಗೊತ್ತಾದದ್ದೇ ಆಗ.

ನಾಲ್ಕನೆಯ ತಿಂಗಳಲ್ಲಿ ಒಬ್ಬರು ಬಂದರು. ನಮ್ಮ ಸಭೆಯವರೇ, ಆದರೆ ನನಗೂ ಅವರಿಗೂ ಅಷ್ಟಕ್ಕಷ್ಟೆ. ಆರಾಧನೆಗೆ ಯಾವಾಗಲೂ ತಡ, ಕೂರುವುದು ಕೊನೆಯ ಸಾಲು, ಪ್ರಸಂಗದ ಹೊತ್ತಿಗೆ ತೂಕಡಿಕೆ. ಸಾಕ್ಷಿ ಹೇಳಿ ಎಂದು ಎಬ್ಬಿಸಿದರೆ "ದೇವರು ಒಳ್ಳೆಯವನು" ಎಂದಿಷ್ಟೇ ಹೇಳಿ ಕೂತುಬಿಡುತ್ತಿದ್ದರು. ಸಭೆಯ ಲೆಕ್ಕಪತ್ರದ ವಿಷಯಕ್ಕೆ ಹಿಂದೊಮ್ಮೆ ನಮ್ಮಿಬ್ಬರಿಗೆ ಮಾತಿಗೆ ಮಾತು ಬೆಳೆದಿತ್ತು. ವರ್ಷ ಕಳೆದರೂ ಆ ಕಹಿ ನನ್ನ ನಾಲಿಗೆಯಲ್ಲಿ ಹಾಗೇ ಇತ್ತು. ಬಂದವರು ಮಂಚದ ಪಕ್ಕ ಕೂತು ಅಪ್ಪನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ, "ಅಯ್ಯಾ, ಗಡ್ಡ ಚುಚ್ತಾ ಇದೆಯಾ?" ಎಂದರು.

ಅಪ್ಪನಿಗೆ ಆಗ ಮಾತು ಬರುತ್ತಿರಲಿಲ್ಲ. ಕಣ್ಣು ಮುಚ್ಚಿ ತೆರೆದರು. ಹೌದು ಎನ್ನಲು ಅವರಿಗಿದ್ದದ್ದು ಅದೊಂದೇ ದಾರಿ.

ಮುಖಕ್ಷೌರ ಆಗದೆ ಯಾರೆದುರಿಗೂ ಬಾರದ ಮನುಷ್ಯ ನಮ್ಮಪ್ಪ. ಮಂಚ ಹಿಡಿದ ಮೇಲೆ ಆ ಕೆಲಸ ನನ್ನ ಪಾಲಿಗೆ ಬಂದಿತ್ತು. ವಾರಕ್ಕೊಮ್ಮೆ ಟ್ರಿಮ್ಮರ್ ಹಿಡಿದು ಎರಡು ನಿಮಿಷದಲ್ಲಿ ಮುಗಿಸುತ್ತಿದ್ದೆ. ಅವರು ಮುಖ ಸಿಂಡರಿಸುತ್ತಿದ್ದರು, ಮುಗಿಯಿತಲ್ಲ ಎಂದು ನಾನು ಸಮಾಧಾನಪಡುತ್ತಿದ್ದೆ. ಇವರು ಹಾಗೆ ಮಾಡಲಿಲ್ಲ. ಬಿಸಿನೀರು ತರಿಸಿದರು, ಮೊದಲು ತಮ್ಮ ಮಣಿಕಟ್ಟಿನ ಒಳಬದಿಗೆ ಎರಡು ಹನಿ ಬಿಟ್ಟುಕೊಂಡು ನೋಡಿದರು, ಟವೆಲ್ ಅದ್ದಿ ಹಿಂಡಿ ಅಪ್ಪನ ಮುಖದ ಮೇಲೆ ಹಾಸಿ ಕಾದರು. ಬ್ರಶ್ಶಿನಿಂದ ನೊರೆ ಹಚ್ಚುವಾಗ ಅಪ್ಪ ಕಣ್ಣು ಮುಚ್ಚಿಕೊಂಡರು. ಬಲಗೆನ್ನೆ ಸಲೀಸಾಗಿ ಆಯಿತು. ಎಡಗೆನ್ನೆಗೆ ಬಂದಾಗ ಕೈ ನಿಂತಿತು. ಸಾಮಾನ್ಯವಾಗಿ ಕ್ಷೌರ ಮಾಡಿಕೊಳ್ಳುವಾಗ ನಾವು ನಾಲಿಗೆಯಿಂದ ಕೆನ್ನೆಯನ್ನು ಒಳಗಿನಿಂದ ಉಬ್ಬಿಸುತ್ತೇವೆ, ಅಲ್ಲಿ ಬ್ಲೇಡು ಜಾರುತ್ತದೆ. ಅಪ್ಪನಿಗೆ ಎಡಭಾಗದಲ್ಲಿ ಅದು ಆಗುವಂತಿರಲಿಲ್ಲ, ಚರ್ಮ ಜೋಲುಬಿದ್ದಿತ್ತು. ನಾಲ್ಕು ತಿಂಗಳು ಆ ಕೆನ್ನೆಯ ಮೇಲೆ ಟ್ರಿಮ್ಮರ್ ಓಡಿಸಿದ ನನಗೆ ಇದು ಹೊಳೆದೇ ಇರಲಿಲ್ಲ. ಅವರು ಎರಡು ಬೆರಳಿಂದ ಚರ್ಮವನ್ನು ಕಿವಿಯ ಕಡೆಗೆ ಮೆತ್ತಗೆ ಎಳೆದು ಹಿಡಿದು, ಬೆರಳಗಲ, ಬೆರಳಗಲವಾಗಿ ರೇಜರ್ ಇಳಿಸಿದರು. ಮುಕ್ಕಾಲು ಗಂಟೆ ಹಿಡಿಯಿತು. ಕೊನೆಗೆ ಕನ್ನಡಿ ತಂದು ಅಪ್ಪನ ಮುಖದೆದುರು ಹಿಡಿದರು.

ಪ್ರಾರ್ಥನೆ ಮಾಡಲಿಲ್ಲ. "ಮುಂದಿನ ಮಂಗಳವಾರ ಬರ್ತೀನಿ" ಎಂದು ಹೇಳಿ ಹೋದರು. ಬಂದರು ಕೂಡ. ಅಪ್ಪ ತೀರಿಕೊಳ್ಳುವವರೆಗೆ, ಹತ್ತಿರಹತ್ತಿರ ಒಂದೂವರೆ ವರ್ಷ, ಮಂಗಳವಾರ ಬೆಳಿಗ್ಗೆ ಅವರದು. ಬರಲಾಗದಿದ್ದರೆ ಹಿಂದಿನ ರಾತ್ರಿಯೇ ಫೋನ್ ಬರುತ್ತಿತ್ತು.

ಅದಾದ ಮೇಲೆ ದಯೆ ಎಂಬ ಪದ ಸತ್ಯವೇದದಲ್ಲಿ ಎಲ್ಲಿ ಬಂದರೂ ನನಗೆ ಆ ಎಡಗೆನ್ನೆಯೇ ನೆನಪಾಗುತ್ತದೆ. ಗಲಾತ್ಯದವರಿಗೆ ಬರೆದ ಪತ್ರದ 5ನೆಯ ಅಧ್ಯಾಯದಲ್ಲಿ ಪೌಲನು ಆತ್ಮನ ಫಲವನ್ನು ಬಿಡಿಸಿ ಹೇಳುವಾಗ ಪ್ರೀತಿ, ಸಂತೋಷ, ಸಮಾಧಾನ, ದೀರ್ಘಶಾಂತಿ ಆದಮೇಲೆ ದಯೆ ಬರುತ್ತದೆ. ಮೂಲ ಗ್ರೀಕಿನಲ್ಲಿ ಅಲ್ಲಿರುವುದು 'ಕ್ರೇಸ್ತೋತೇಸ್'. ಅದರ ಬೇರಿನಲ್ಲಿರುವ 'ಕ್ರೇಸ್ತೋಸ್' ಎಂಬ ಪದ ಹೊಸ ಒಡಂಬಡಿಕೆಯಲ್ಲಿ ಎಲ್ಲೆಲ್ಲಿ ಬರುತ್ತದೆಂದು ಹುಡುಕುತ್ತಾ ಹೋದರೆ ಮಜವಾಗಿದೆ. ಲೂಕ 6:35ರಲ್ಲಿ ದೇವರು ಉಪಕಾರ ನೆನೆಯದವರಿಗೂ ಕೆಟ್ಟವರಿಗೂ 'ಕ್ರೇಸ್ತೋಸ್' ಆಗಿದ್ದಾನೆ. ಇದು ನಾವು ನಿರೀಕ್ಷಿಸುವ ಅರ್ಥವೇ. ಲೂಕ 5:39ರಲ್ಲಿ ಹಳೆಯ ದ್ರಾಕ್ಷಾರಸ 'ಕ್ರೇಸ್ತೋಸ್'. ಮತ್ತಾಯ 11:30ರಲ್ಲಿ ಯೇಸು "ನನ್ನ ನೊಗ ಮೃದುವಾದದ್ದು" ಎನ್ನುವಾಗಲೂ ಅದೇ ಪದ.

ದೇವರ ಮನಸ್ಸು, ಹಳೆಯ ದ್ರಾಕ್ಷಾರಸ, ಎತ್ತಿನ ನೊಗ, ಈ ಮೂರಕ್ಕೂ ಒಂದೇ ವಿಶೇಷಣ. ನಮ್ಮಲ್ಲಿ ಇದಕ್ಕೊಂದು ಪದ ಇದೆ ಅನ್ನಿಸುತ್ತದೆ: ಹದ. ಹದಕ್ಕೆ ಬಂದ ರಸ, ಹದವಾಗಿ ಕೆತ್ತಿದ ನೊಗ, ಹದವರಿತ ಮನುಷ್ಯ. ಭಾಷಾಂತರಕಾರರು ದಯೆ ಎಂದದ್ದು ತಪ್ಪಲ್ಲ. ಆದರೆ ದಯೆ ಅಂದಕೂಡಲೇ ನಮ್ಮ ಕಣ್ಣೆದುರು ಬರುವುದು ಮೇಲಿನಿಂದ ಕೆಳಕ್ಕೆ ಸುರಿಯುವ ಏನೋ ಒಂದು. ಹದ ಅಂದರೆ ಎದುರಿಗಿರುವುದರ ಅಳತೆ ನೋಡಲೇಬೇಕು. ಎರಡನೆಯ ಶತಮಾನದ ಜಸ್ಟಿನ್ ಹುತಾತ್ಮನು ಟ್ರೈಫೋ ಎಂಬ ಯೆಹೂದ್ಯನೊಂದಿಗಿನ ಸಂವಾದವಾಗಿ ಬರೆದ ಗ್ರಂಥದಲ್ಲಿ, ಬಡಗಿಯಾಗಿದ್ದ ಯೇಸು ನೇಗಿಲು ನೊಗಗಳನ್ನು ಮಾಡುತ್ತಿದ್ದನೆಂದು ಹೇಳುತ್ತಾನೆ. ಹಾಗಿದ್ದರೆ ಆ ಮಾತು ಕೆಲಸ ಬಲ್ಲವನ ಬಾಯಿಂದ ಬಂದದ್ದು. ನೊಗ ಎಷ್ಟೇ ಚೆಂದವಾಗಿ ನುಣುಪಾಗಿದ್ದರೂ ಆ ಎತ್ತಿನ ಹೆಗಲಿಗೆ ಕೂರದಿದ್ದರೆ ಹುಣ್ಣು ಮಾಡುತ್ತದೆ. ಒಂದರ ಅಳತೆ ಇನ್ನೊಂದಕ್ಕೆ ಆಗುವುದಿಲ್ಲ. ಬಡಗಿ ಮರ ನೋಡಿದರೆ ಸಾಲದು, ಎತ್ತನ್ನೂ ನೋಡಬೇಕು. ನನ್ನ ಟ್ರಿಮ್ಮರ್ ನುಣುಪಾಗಿಯೇ ಇತ್ತು.

ಇದೇ ಪದದಿಂದ ಇನ್ನೊಂದು ತಮಾಷೆಯೂ ಆಗಿದೆ. 'ಕ್ರಿಸ್ತೋಸ್' ಮತ್ತು 'ಕ್ರೇಸ್ತೋಸ್' ಕಿವಿಗೆ ಒಂದೇ ಥರ ಕೇಳುವುದರಿಂದ ರೋಮನ್ ಕಾಲದ ಜನ ಕ್ರೈಸ್ತರನ್ನು 'ಕ್ರೇಸ್ತಿಯಾನಿ' ಎಂದು ತಪ್ಪಾಗಿ ಕರೆಯುತ್ತಿದ್ದರು. ಸುಮಾರು ಕ್ರಿ.ಶ. 197ರಲ್ಲಿ ಕ್ರೈಸ್ತ ಲೇಖಕ ತೆರ್ತುಲಿಯನ್ ತನ್ನ ಸಮರ್ಥನಾ ಗ್ರಂಥದಲ್ಲಿ ಇದನ್ನು ಎತ್ತಿಕೊಂಡು, ನಮ್ಮ ಹೆಸರನ್ನು ನೀವು ತಪ್ಪಾಗಿ ಉಚ್ಚರಿಸಿದರೂ ಅದು ಮಾಧುರ್ಯ, ದಯೆ ಎಂಬರ್ಥವನ್ನೇ ಕೊಡುತ್ತದೆ ಎಂದು ಕುಟುಕುತ್ತಾನೆ. ಬಾಯಿತಪ್ಪಿಗೆ ತಕ್ಕಂತೆ ಬದುಕುವುದು ಹೆಸರಿಗೆ ತಕ್ಕಂತೆ ಬದುಕುವುದಕ್ಕಿಂತ ಸುಲಭವೇನಲ್ಲ.

ಲೂಕ 10ರಲ್ಲಿ ಯೇಸು ಹೇಳುವ ಒಳ್ಳೆಯ ಸಮಾರ್ಯದವನ ಸಾಮ್ಯವನ್ನು, ಅಂದರೆ ದೃಷ್ಟಾಂತ ಕಥೆಯನ್ನು, ಭಾನುವಾರದ ಶಾಲೆಯಲ್ಲಿ ಕೇಳದವರು ನಮ್ಮಲ್ಲಿ ಯಾರೂ ಇಲ್ಲ. ಯೆರೂಸಲೇಮಿನಿಂದ ಯೆರಿಕೋವಿಗೆ ಇಳಿಯುವ ದಾರಿ, ಇಪ್ಪತ್ತೈದು ಕಿಲೋಮೀಟರಿಗೆ ತುಸು ಹೆಚ್ಚು, ಸಾವಿರ ಮೀಟರಿನಷ್ಟು ಇಳಿಜಾರು. ಕಳ್ಳರು ಬಡಿದು ಬಿಸಾಡಿದವನನ್ನು ಯಾಜಕ ನೋಡಿ ಆಚೆ ಬದಿಯಿಂದ ಹೋದ, ದೇವಾಲಯದ ಸೇವೆಯವನಾದ ಲೇವಿಯನೂ ಹೋದ. ಹೆಣ ಮುಟ್ಟಿದರೆ ಮೈಲಿಗೆ, ಅದಕ್ಕೇ ಹೋದರು ಎಂದು ಪ್ರಸಂಗಗಳಲ್ಲಿ ಅವರಿಗೊಂದು ನೆಪ ಒದಗಿಸುತ್ತೇವೆ. ಲೂಕನು ಆ ನೆಪ ಕೊಡುವುದಿಲ್ಲ. ಯಾಜಕನು ಇಳಿದು ಹೋಗುತ್ತಿದ್ದ, ಅಂದರೆ ದೇವಾಲಯಕ್ಕೆ ಬೆನ್ನು ಹಾಕಿ ಹೋಗುತ್ತಿದ್ದ. ಅಲ್ಲದೆ ಹೂಳುವವರಿಲ್ಲದ ಹೆಣ ಕಂಡರೆ ಮಹಾಯಾಜಕನೂ ಅದಕ್ಕಾಗಿ ಮೈಲಿಗೆಯಾಗಬಹುದೆಂದು ಯೆಹೂದ್ಯರ ಧರ್ಮನಿಯಮಗಳ ಸಂಗ್ರಹವಾದ ಮಿಷ್ನಾದಲ್ಲೇ ಇದೆ. ಅವರ ಧರ್ಮ ತಡೆಯಿತು ಎಂದು ಹೇಳುವುದು ನಮಗೆ ಅನುಕೂಲ, ಅಷ್ಟೆ. ನನ್ನನ್ನು ಕೇಳಿದರೆ ಅವರಿಗೆ ಅವಸರವಿತ್ತು. ಅವಸರದಲ್ಲಿರುವವನ ಗುರುತು ನನಗೆ ಚೆನ್ನಾಗಿಯೇ ಹತ್ತುತ್ತದೆ.

ಈ ಸಾಮ್ಯದಲ್ಲಿ ನಾನು ಬಹಳ ವರ್ಷ ಗಮನಿಸದೆ ಬಿಟ್ಟ ಪದ 'ಮರುದಿನ'. ಸಮಾರ್ಯದವನು ಗಾಯಕ್ಕೆ ಎಣ್ಣೆಯನ್ನೂ ದ್ರಾಕ್ಷಾರಸವನ್ನೂ ಹೊಯ್ದು ಕಟ್ಟಿದ, ತನ್ನ ಪಶುವಿನ ಮೇಲೆ ಹತ್ತಿಸಿದ, ಛತ್ರಕ್ಕೆ ಕರೆದೊಯ್ದ. ಚಿತ್ರಗಳಲ್ಲಿ ಬಿಡಿಸುವುದು ಇಲ್ಲಿಯವರೆಗೆ. 35ನೆಯ ವಚನದಲ್ಲಿ ಮರುದಿನ ಅವನು ಎರಡು ದಿನಾರಿ ತೆಗೆದು ಛತ್ರದವನಿಗೆ ಕೊಡುತ್ತಾನೆ. ದಿನಾರಿ ಅಂದರೆ ಒಂದು ದಿನದ ಕೂಲಿ, ಮತ್ತಾಯ 20ರ ದ್ರಾಕ್ಷೇತೋಟದ ಆಳುಗಳಿಗೆ ಗೊತ್ತಾದದ್ದೂ ಅಷ್ಟೇ. ಹೆಚ್ಚು ಖರ್ಚಾದರೆ ತಿರುಗಿ ಬರುವಾಗ ಕೊಡುತ್ತೇನೆ ಎನ್ನುತ್ತಾನೆ. ಅಂದರೆ ಮಧ್ಯದಲ್ಲಿ ಒಂದು ರಾತ್ರಿ ಕಳೆದಿದೆ. ಆ ರಾತ್ರಿ ನರಳಿದ್ದು ಯಾರು, ನೀರು ಕೊಟ್ಟದ್ದು ಯಾರು, ಬಟ್ಟೆ ಬದಲಿಸಿದ್ದು ಯಾರು ಎಂದು ಯೇಸು ಹೇಳುವುದಿಲ್ಲ. 'ಆರೈಕೆ ಮಾಡಿದನು' ಎಂಬ ಒಂದೇ ಮಾತಿನಲ್ಲಿ ಮುಗಿಸುತ್ತಾನೆ. ರಾತ್ರಿ ಎದ್ದು ಮಗ್ಗುಲು ಬದಲಿಸಿ ಗೊತ್ತಿರುವವರಿಗೆ ಆ ಒಂದು ಮಾತು ಸಾಕು.

ಇದನ್ನು ಯೇಸು ಹೇಳಿದ ಹೊತ್ತನ್ನೂ ನೋಡಬೇಕು. ಯೆಹೂದ್ಯರಿಗೂ ಸಮಾರ್ಯದವರಿಗೂ ಇದ್ದ ಹಗೆ ಹಳೆಯದು. ಗೆರಿಜೀಮ್ ಬೆಟ್ಟದ ಮೇಲಿದ್ದ ಸಮಾರ್ಯರ ಆಲಯವನ್ನು ಕ್ರಿ.ಪೂ. 2ನೆಯ ಶತಮಾನದ ಕೊನೆಯ ಹೊತ್ತಿಗೆ ಯೆಹೂದ್ಯ ಮಹಾಯಾಜಕ ಯೋಹಾನ ಹಿರ್ಕಾನಸ್ ಕೆಡವಿಸಿದ್ದ. ಅದಿರಲಿ, ಲೂಕನ ಪುಸ್ತಕದಲ್ಲಿ ಒಂದೇ ಒಂದು ಅಧ್ಯಾಯ ಹಿಂದಕ್ಕೆ ಹೋಗಿ. 9ನೆಯ ಅಧ್ಯಾಯದಲ್ಲಿ ಸಮಾರ್ಯದ ಹಳ್ಳಿಯೊಂದು ಯೇಸುವಿಗೇ ಜಾಗ ಕೊಡಲಿಲ್ಲ. ಆಕಾಶದಿಂದ ಬೆಂಕಿ ಬೀಳಿಸೋಣವೇ ಎಂದು ಯಾಕೋಬ, ಯೋಹಾನರು ಕೇಳಿದರು, ಯೇಸು ಗದರಿಸಿದ. ಇಷ್ಟಾದ ಮೇಲೆ, ಒಳ್ಳೆಯ ನೆರೆಯವನು ಹೇಗಿರುತ್ತಾನೆ ಎಂದು ತೋರಿಸಲು ಅವನು ಆರಿಸಿಕೊಂಡದ್ದು ತನಗೆ ಬಾಗಿಲು ಮುಚ್ಚಿದ ಜನರಲ್ಲೇ ಒಬ್ಬನನ್ನು. ಸಭೆಯ ಲೆಕ್ಕಪತ್ರದ ಜಗಳದ ನಂತರ ನಾನು ಆ ಮನುಷ್ಯರ ಕುರಿತು ಮನೆಯಲ್ಲಿ ಏನೇನು ಹೇಳಿದ್ದೆನೋ ಅದರಲ್ಲಿ ಒಂದೂ ಒಳ್ಳೆಯ ಮಾತಿರಲಿಲ್ಲ. ಅಪ್ಪ ಅದನ್ನೆಲ್ಲ ಕೇಳಿಸಿಕೊಂಡಿದ್ದರು.

ಸಮಾರ್ಯದವನು 'ಕನಿಕರಿಸಿ' ಹತ್ತಿರ ಬಂದ ಎಂದು ನಾವು ಓದುತ್ತೇವೆ. ಗ್ರೀಕಿನ ಮಾತು 'ಸ್ಪ್ಲಾಂಖ್ನ' ಎಂಬುದರಿಂದ ಬಂದದ್ದು, ಅಂದರೆ ಕರುಳು. ಕರುಳು ಚುರುಕ್ ಎಂದಿತು ಎನ್ನುವ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಹೀಬ್ರೂವಿನಲ್ಲಿ ಕರುಣೆಗೆ ಇರುವ 'ರಹಮೀಮ್' ಎಂಬ ಪದ ಗರ್ಭ ಎಂಬರ್ಥದ 'ರೆಹೆಮ್'ಗೆ ನಂಟು. ಅಲ್ಲಿಗೂ ಇಲ್ಲಿಗೂ ಹೊಟ್ಟೆಯೇ ಕೇಂದ್ರ. ಎಫೆಸದವರಿಗೆ ಬರೆದ ಪತ್ರದ 4:32ರಲ್ಲಿ ಮೂರು ಮಾತು ಒಟ್ಟಿಗೆ ಬರುತ್ತವೆ: ಹದವುಳ್ಳವರಾಗಿರಿ, ಒಳ್ಳೆಯ ಕರುಳುಳ್ಳವರಾಗಿರಿ, ಒಬ್ಬರನ್ನೊಬ್ಬರು ಕ್ಷಮಿಸಿರಿ. ಹೀಗೆ ಶಬ್ದಶಃ ಅನುವಾದಿಸಿದ್ದು ನಾನೇ, ಸತ್ಯವೇದದಲ್ಲಿ ಹೀಗಿಲ್ಲ. ಆದರೆ "ಹೊಟ್ಟೆಗೆ ಹಾಕ್ಕೊಳ್ಳಿ" ಎಂದು ಕ್ಷಮೆ ಕೇಳುವ ಜನರಿಗೆ ಎರಡನೆಯ ಮಾತಿಗೂ ಮೂರನೆಯದಕ್ಕೂ ಇರುವ ಸಂಬಂಧ ತಾನಾಗಿಯೇ ತಿಳಿಯುತ್ತದೆ. ಆ ಮನುಷ್ಯರು ಮಂಗಳವಾರಗಳಲ್ಲಿ ನಮ್ಮ ಮನೆಗೆ ಬಂದಾಗ ಜಗಳದ ಮಾತು ಒಮ್ಮೆಯೂ ಎತ್ತಲಿಲ್ಲ. ಹೊಟ್ಟೆಗೆ ಹಾಕಿಕೊಂಡಿದ್ದರು. ನಾನು ಕ್ಷಮೆ ಕೇಳಿದೆನೇ? ಇಲ್ಲ. ಬಿಸಿನೀರು ತಂದುಕೊಡುತ್ತಿದ್ದೆ.

ಇಲ್ಲಿ ನಮ್ಮವರೇ ಕೆಲವರು ಹುಬ್ಬು ಗಂಟಿಕ್ಕುತ್ತಾರೆ. ಕ್ರಿಯೆಗಳಿಂದ ರಕ್ಷಣೆ ಇಲ್ಲ, ಕೃಪೆಯಿಂದಲೇ ಎಂದು ನೆನಪಿಸುತ್ತಾರೆ. ನಿಜವೇ. ಎಫೆಸ 2ರ 8, 9ನೆಯ ವಚನಗಳನ್ನು ನಾನೂ ಚಿಕ್ಕಂದಿನಲ್ಲಿ ಬಾಯಿಪಾಠ ಮಾಡಿದ್ದೇನೆ. ಯಾಕೋ ನಮಗೆ 10ನೆಯದನ್ನು ಕಲಿಸಲಿಲ್ಲ. ಸತ್ಕ್ರಿಯೆಗಳನ್ನು ಮಾಡಲೆಂದೇ ನಾವು ಕ್ರಿಸ್ತನಲ್ಲಿ ಸೃಷ್ಟಿಯಾದವರು ಎಂದು ಅದೇ ಉಸಿರಿನಲ್ಲಿ ಅಲ್ಲಿದೆ. ಕೃಪೆ ನಂಬುವವನಿಗೆ ದಯೆಯಿಂದ ಏನನ್ನೂ ಸಂಪಾದಿಸಬೇಕಿಲ್ಲ, ಹಾಗಾಗಿಯೇ ಅವನ ಕೈ ಖಾಲಿ ಇರುತ್ತದೆ, ಇನ್ನೊಬ್ಬರ ಕೆನ್ನೆ ಹಿಡಿಯಲು ಬಿಡುವು ಇರುತ್ತದೆ. ಪುಣ್ಯದ ಲೆಕ್ಕ ಇಡುವವನಿಗೆ ಮುಕ್ಕಾಲು ಗಂಟೆ ದುಬಾರಿ. ಮತ್ತೆ ಯಾಕೋಬನ ಪತ್ರ ಇದ್ದೇ ಇದೆ. ಬಟ್ಟೆ ಇಲ್ಲದವನಿಗೆ, ಹಸಿದವನಿಗೆ, ಸಮಾಧಾನದಿಂದ ಹೋಗು, ಬೆಂಕಿ ಕಾಯಿಸಿಕೋ, ಹೊಟ್ಟೆ ತುಂಬಿಸಿಕೋ ಎಂದು ಹೇಳಿ ಕಳಿಸುವವರನ್ನು ಅವನು 2ನೆಯ ಅಧ್ಯಾಯದಲ್ಲಿ ಚೆನ್ನಾಗಿ ಆಡಿಕೊಳ್ಳುತ್ತಾನೆ. "ಬೇಕಾದ್ರೆ ಹೇಳಿ" ಅದರ ಇಂದಿನ ರೂಪ ಅಲ್ಲದೆ ಮತ್ತೇನು?

ಇನ್ನೊಂದು ತೊಡಕು 'ತೋರಿಸು' ಎಂಬ ಕ್ರಿಯಾಪದದಲ್ಲಿದೆ. ನಾವು ದಯೆ ತೋರಿಸುತ್ತೇವೆ, ಕರುಣೆ ತೋರಿಸುತ್ತೇವೆ. 1 ಕೊರಿಂಥ 13:4ರಲ್ಲೂ ಪ್ರೀತಿ ದಯೆ ತೋರಿಸುತ್ತದೆ. ಪೌಲನು ಅಲ್ಲಿ ಬಳಸಿರುವುದು ಹೊಸ ಒಡಂಬಡಿಕೆಯಲ್ಲಿ ಬೇರೆಲ್ಲೂ ಇಲ್ಲದ ಒಂದು ಕ್ರಿಯಾಪದ. 'ದಯೆ' ಎಂಬುದನ್ನೇ ಕ್ರಿಯೆಯಾಗಿಸಿ, ತೋರಿಸುವುದರ ಸುದ್ದಿಯೇ ಇಲ್ಲದಂತೆ ಬರೆದಿದ್ದಾನೆ. ನಮ್ಮ ಭಾಷೆಯಲ್ಲಿ ತೋರಿಸಲೇಬೇಕು, ತೋರಿಸಿದ ಮೇಲೆ ನೋಡುವವರು ಬೇಕು. ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿದವರ ಪಕ್ಕ ಕಂಬಳಿ ಹಿಡಿದು ನಿಂತು ತೆಗೆಸಿಕೊಂಡ ಫೋಟೋಗಳನ್ನು ನೋಡಿದಾಗ ನನಗೆ ಮಲಗಿದವರ ಕಣ್ಣಿನ ಮೇಲೇ ಗಮನ ಹೋಗುತ್ತದೆ. ಅವರು ಕ್ಯಾಮೆರಾ ನೋಡುತ್ತಿರುವುದಿಲ್ಲ. ದಾನ ಮಾಡುವಾಗ ಮುಂದೆ ಕೊಂಬು ಊದಿಸಬೇಡ ಎಂದು ಮತ್ತಾಯ 6ರಲ್ಲಿ ಹೇಳಿದ್ದು ಫೋನಿನಲ್ಲಿ ಕೊಂಬು ಬರುವುದಕ್ಕೂ ಮುಂಚೆ. ಇನ್ನು, ಮುಂದೊಂದು ದಿನ ನಮ್ಮ ಸಭೆಗೆ ಬಂದಾರು ಎಂಬ ಲೆಕ್ಕದಲ್ಲಿ ಮಾಡುವ ಉಪಕಾರವನ್ನು ನಾನು ದಯೆ ಎಂದು ಕರೆಯಲಾರೆ. ಗಾಳಕ್ಕೆ ಸಿಕ್ಕಿಸಿದ ಹುಳುವನ್ನು ಯಾರೂ ಮೀನಿಗೆ ಕೊಟ್ಟ ಊಟ ಎನ್ನುವುದಿಲ್ಲ. ಏನನ್ನೂ ತಿರುಗಿ ನಿರೀಕ್ಷಿಸದೆ ಕೊಡಿ ಎಂದು ಲೂಕ 6:35ರಲ್ಲಿ, ಆ 'ಕ್ರೇಸ್ತೋಸ್' ಬರುವ ವಚನದಲ್ಲೇ ಇದೆ.

ನೋಡುವವರಿಗೆ ಇದು ಕಾಣುವುದೇ ಇಲ್ಲವೇ ಎಂದರೆ, ಹಾಗೇನಿಲ್ಲ. ಕ್ರಿ.ಶ. 362ರ ಸುಮಾರಿಗೆ ರೋಮನ್ ಚಕ್ರವರ್ತಿ ಜೂಲಿಯನ್ ಹಳೆಯ ದೇವತೆಗಳ ಆರಾಧನೆಯನ್ನು ಮತ್ತೆ ಎತ್ತಿ ನಿಲ್ಲಿಸಲು ಹೊರಟಿದ್ದ. ಗಲಾತ್ಯದ ಮುಖ್ಯ ಪೂಜಾರಿ ಅರ್ಸಾಕಿಯಸ್‌ಗೆ ಅವನ ಹೆಸರಿನಲ್ಲಿ ಉಳಿದುಬಂದಿರುವ ಪತ್ರದಲ್ಲಿ ಒಂದು ಗೊಣಗಾಟವಿದೆ: ಈ ಭಕ್ತಿಗೆಟ್ಟ ಗಲಿಲಾಯದವರು (ಕ್ರೈಸ್ತರನ್ನು ಅವನು ಕರೆಯುತ್ತಿದ್ದದ್ದು ಹಾಗೆ) ತಮ್ಮ ಬಡವರನ್ನಷ್ಟೇ ಅಲ್ಲ, ನಮ್ಮ ಬಡವರನ್ನೂ ಸಾಕುತ್ತಿದ್ದಾರೆ, ನಾಚಿಕೆಗೇಡು, ನಾವೂ ಊರೂರಲ್ಲಿ ಛತ್ರ ಕಟ್ಟಿಸೋಣ. ಅದಕ್ಕಾಗಿ 30,000 'ಮೋದಿ' (ಧಾನ್ಯ ಅಳೆಯುವ ರೋಮನ್ ಅಳತೆ) ಗೋಧಿಯನ್ನೂ ಮಂಜೂರು ಮಾಡುತ್ತಾನೆ. ವಿರೋಧಿಯ ಹೊಟ್ಟೆಕಿಚ್ಚಿನಷ್ಟು ನಂಬಲರ್ಹ ಸಾಕ್ಷಿ ಇನ್ನೊಂದಿಲ್ಲ. ಕೆಲವೇ ವರ್ಷಗಳ ನಂತರ ಕಪ್ಪದೋಕ್ಯದಲ್ಲಿ ಬರ ಬಿತ್ತು. ಕೈಸರೈಯದ ಬೆಸಿಲ್ ಹಸಿದವರಿಗೆ ಊಟ ಹಾಕಿಸಿದ, ಊರ ಹೊರಗೆ ರೋಗಿಗಳಿಗೂ ಪರದೇಶಿಗಳಿಗೂ ದೊಡ್ಡ ಆಸರೆಯನ್ನೇ ಕಟ್ಟಿಸಿದ. ಅವನ ಗೆಳೆಯ ನಜಿಯಾಂಜಸ್‌ನ ಗ್ರೆಗರಿ ಅವನ ಸ್ಮರಣೆಯ ಭಾಷಣದಲ್ಲಿ ಅದನ್ನು ಹೊಸ ಪಟ್ಟಣ ಎಂದು ಕರೆದ. ಕಟ್ಟಡದ ಹೊಗಳಿಕೆ ನನಗೆ ಅಷ್ಟು ಮುಖ್ಯವಲ್ಲ. ಕುಷ್ಠರೋಗಿಗಳಿಗೆ ಮುತ್ತಿಡಲು ಬೆಸಿಲ್ ಹಿಂಜರಿಯಲಿಲ್ಲ ಎಂದು ಅದೇ ಭಾಷಣದಲ್ಲಿದೆಯಲ್ಲ, ಅದು. ಮೇಲ್ಮನೆತನದಲ್ಲಿ ಹುಟ್ಟಿದ, ಅಥೆನ್ಸಿನಲ್ಲಿ ಓದಿದ ಬಿಷಪ್, ಯಾರೂ ಮುಟ್ಟದ ಕೆನ್ನೆಗೆ ತುಟಿ ಒತ್ತಿದ್ದು.

ಮತ್ತಾಯ 25ರಲ್ಲಿ ನ್ಯಾಯತೀರ್ಪಿನ ದಿನ ಬಲಗಡೆ ನಿಂತವರು ಗೊಂದಲಕ್ಕೆ ಬೀಳುತ್ತಾರೆ: ಕರ್ತನೇ, ನೀನು ರೋಗದಲ್ಲಿದ್ದದ್ದನ್ನು ನಾವು ಯಾವಾಗ ನೋಡಿದೆವು? ಎಡಗಡೆಯವರದೂ ಅದೇ ಪ್ರಶ್ನೆ. ಇಬ್ಬರಿಗೂ ಗೊತ್ತಿರಲಿಲ್ಲ ಎಂಬುದು ನನ್ನನ್ನು ಕಾಡುತ್ತದೆ. ನಾನು ದಯೆ ಮಾಡಿದ ಸಂದರ್ಭಗಳ ಪಟ್ಟಿ ನನಗೆ ಚೆನ್ನಾಗಿ ನೆನಪಿದೆ.

ಈಚೆಗೆ ಆ ಮನುಷ್ಯರಿಗೇ ಮೊಣಕಾಲಿನ ಶಸ್ತ್ರಚಿಕಿತ್ಸೆ ಆಯಿತು. ಒಬ್ಬರೇ ಇರುವುದು, ಮೆಟ್ಟಿಲು ಇಳಿಯುವಂತಿಲ್ಲ. ನೋಡಲು ಹೋದೆ. ಸಭೆ, ಪಾಸ್ಟರ್, ಹೊಸ ವಾದ್ಯಗಳ ಗದ್ದಲ, ಹೀಗೆ ಅದೂ ಇದೂ ಮಾತಾಡಿದೆವು. ಲೆಕ್ಕಪತ್ರದ ವಿಷಯ ಗಂಟಲವರೆಗೆ ಬಂದು ನಿಂತಿತು. "ಅಣ್ಣಾ, ಆವತ್ತು ನಾನು ಹಾಗೆ ಮಾತಾಡ್ಬಾರ್ದಿತ್ತು" ಎಂದೆ, ಕೊನೆಗೂ. ಅವರು ನೋಡಿದರು. "ಯಾವತ್ತು?" ಎಂದರು. ನೆನಪಿಲ್ಲದೆ ಕೇಳಿದರೋ, ನೆನಪಿದ್ದೂ ಕೇಳಿದರೋ ನನಗೆ ಗೊತ್ತಾಗಲಿಲ್ಲ. ಬಾಗಿಲ ಬಳಿ ಬಂದಾಗ ಅಭ್ಯಾಸಬಲದಿಂದ ಬಾಯಿಗೆ ಬಂದೇ ಬಂತು, "ಏನಾದ್ರೂ ಬೇಕಾದ್ರೆ..." ಅಲ್ಲೇ ನುಂಗಿಕೊಂಡು, "ಗುರುವಾರ ಸಂಜೆ ಬರ್ತೀನಿ" ಎಂದೆ.

ಎರಡು ಗುರುವಾರ ಹೋದೆ. ಮೂರನೆಯದಕ್ಕೆ ಕೆಲಸ ಬಿದ್ದು ಆಗಲಿಲ್ಲ, ಹಿಂದಿನ ರಾತ್ರಿ ಫೋನ್ ಮಾಡುವುದೂ ಮರೆತುಹೋಯಿತು. ಗುರುವಾರ ರಾತ್ರಿ ಒಂಬತ್ತಕ್ಕೆ ಮಾಡಿದೆ. ಆಕ್ಷೇಪವೇನೂ ಬರಲಿಲ್ಲ. "ಬಚ್ಚಲುಮನೆ ಬಲ್ಬ್ ಹೋಗಿದೆ ಕಣಯ್ಯಾ, ನಾಳೆ ಬರೋ ಹಾಗಿದ್ರೆ ಒಂದು ತಗೊಂಡ್ಬಾ" ಎಂದರು. ಅವರು ನನ್ನನ್ನು ಏನನ್ನಾದರೂ ಕೇಳಿದ್ದು ಅದೇ ಮೊದಲು. ಫೋನ್ ಇಟ್ಟ ಮೇಲೆ ನೆನಪಾಯಿತು, ಪಿನ್ನಿನ ಹೋಲ್ಡರೋ ತಿರುಗಿಸಿ ಹಾಕುವುದೋ ಕೇಳಲೇ ಇಲ್ಲ. ಮಲಗಿರುತ್ತಾರೆ, ಮತ್ತೆ ಎಬ್ಬಿಸುವುದು ಬೇಡ. ಎರಡು ಥರದ್ದೂ ಒಂದೊಂದು ಚೀಲದಲ್ಲಿ ಹಾಕಿಟ್ಟಿದ್ದೇನೆ.